ಕೆಂಪು ಪಾತಿಯಲ್ಲಿ ಒಂಟಿ ಎಸಳು

ಬೇಲಿಯಾಚೆ ಗುದ್ದಲಿಯ ಸದ್ದು ತಟ್ಟನೆ ನಿಂತಿತು. ಬಟ್ಟೆ ಒಣಹಾಕುತ್ತಿದ್ದ ಪಕ್ಕದ ಮನೆಯ ಹೊಲಿಗೆಯಾಕೆ ಇಣುಕಿ ನೋಡಿದಳು. ಹಿತ್ತಲಕ್ಕ ಪಾತಿಯ ನಡುವೆ ಕುಕ್ಕರಿಸಿ ಕೂತಿದ್ದಳು. ಅವಳ ಹೆಸರು ಬೇರೆಯೇ. ಮನೆಯೊಳಗಿರುವುದಕ್ಕಿಂತ ಹಿತ್ತಲಲ್ಲೇ ಹೆಚ್ಚು ಇರುತ್ತಿದ್ದುದರಿಂದ ಓಣಿಯವರು ಇಟ್ಟ ಹೆಸರು ಅದು.

ಕೆಂಪು ಪಾತಿಯಲ್ಲಿ ಕೆಂಪು ಬೆಳ್ಳುಳ್ಳಿ ಇರಲಿಲ್ಲ.

ಆ ಹಿತ್ತಲಲ್ಲಿ ನಾಲ್ಕು ಜಾತಿಯ ಬೆಳ್ಳುಳ್ಳಿ, ನಾಲ್ಕು ಪಾತಿ. ಒಂದು ಜಡೆ ಹೆಣೆದು ತೂಗುಹಾಕುವಂಥದ್ದು, ಕತ್ತು ಮೆತ್ತಗೆ. ಇನ್ನೊಂದು ದಪ್ಪ ಎಸಳಿನ ಬಿಳಿಯದು. ಮತ್ತೊಂದು ನೋಡಲು ಪುಟಾಣಿ, ಘಾಟು ಮಾತ್ರ ನೆತ್ತಿಗೇರುವಂಥದ್ದು. ನಾಲ್ಕನೆಯದೇ ಕೆಂಪು—ಸಿಪ್ಪೆಯ ಮೇಲೆ ನೇರಳೆ ಗೀರು, ನಡುವೆ ಕಡ್ಡಿಯಂಥ ಗಟ್ಟಿ ದಂಟು. ಅದು ಹಿತ್ತಲಕ್ಕನ ತಾಯಿ ಕೈಯಾರೆ ಕಟ್ಟಿಕೊಟ್ಟ ತಳಿ. ಸಂತೆಯಲ್ಲಿ ಸಿಗುವುದಿಲ್ಲ, ನೆಂಟರಲ್ಲೂ ಯಾರ ಹತ್ತಿರವೂ ಉಳಿದಿಲ್ಲ.

ಈಗ ಅಗೆದಲ್ಲೆಲ್ಲ ಗೋಲಿಯಷ್ಟು ದೊಡ್ಡ ಒಂಟಿ ಎಸಳುಗಳೇ ಉರುಳಿ ಬರುತ್ತಿದ್ದವು.

ಏನಾಯಿತಕ್ಕ ಎನ್ನುತ್ತ ಹೊಲಿಗೆಯಾಕೆ ನಡುವಿನ ಪುಟ್ಟ ಗೇಟು ದಾಟಿ ಬಂದಳು. ಎರಡು ಹಿತ್ತಲ ನಡುವಿನ ಆ ಗೇಟಿಗೆ ಚಿಲಕ ಹಾಕಿದ್ದನ್ನು ಕಂಡವರಿಲ್ಲ. ಹಿತ್ತಲಕ್ಕ ತಲೆಯೆತ್ತಿ ಅವಳನ್ನೇ ನೋಡಿದಳು.

“ವರ್ಷಾ ವರ್ಷಾ ಬಿತ್ತನೆ ಕೇಳ್ತಿದ್ದೋಳು ನೀನು. ಕೊಡಲ್ಲ ಅಂತಿದ್ದೆ. ಈ ಗೇಟಿಂದ ಬರೋಳೂ ನೀನೊಬ್ಬಳೇ.”

ಹೊಲಿಗೆಯಾಕೆಗೆ ಸೂಜಿ ಚುಚ್ಚಿದ್ದು ಎಷ್ಟೋ ಸಲ. ಇಷ್ಟು ಆಳಕ್ಕೆ ಇಳಿದದ್ದು ಇದೇ ಮೊದಲು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ—ಏನು ಹೇಳಿದರೂ ಹಾಗಾದೀತೆಂದು ಸುಮ್ಮನಾದಳು. ಹಿತ್ತಲಕ್ಕನ ಲೆಕ್ಕ ನೇರವಾಗಿತ್ತು: ಇವಳು ಕೆಂಪನ್ನು ಕಿತ್ತುಕೊಂಡು, ಅಂಗಡಿಯ ಒಂಟಿ ಬೆಳ್ಳುಳ್ಳಿಯನ್ನು ಮಣ್ಣಿಗೆ ಒತ್ತಿ ಹೋಗಿದ್ದಾಳೆ. ಗೇಟು ಕಿತ್ತು ಗೋಡೆ ಎಬ್ಬಿಸಲು ಮೇಸ್ತ್ರಿಗೆ ಆಗಲೇ ಹೇಳಿಕಳಿಸಿದ್ದಾಯಿತು. ಆ ದಾರಿ ಮುಚ್ಚಿದರೆ ಹೊಲಿಗೆಯಾಕೆಗೆ ಮಾತಿಗೆ ಉಳಿಯುವುದು ಮಷೀನೊಂದೇ.

ಗೋಡೆ ಏಳುವ ತನಕ ಗೇಟಿಗೆ ಬೀಗ ಬೇಕಲ್ಲ? ಹಿತ್ತಲಕ್ಕ ತಮ್ಮನನ್ನು ಕರೆಸಿದಳು. ಬೀಗ ರಿಪೇರಿಯವನು. ಕೀಲಿಕೈ ಕೇಳಿದವರನ್ನೆಲ್ಲ ಯಾಕಪ್ಪ, ಯಾಕಮ್ಮ ಎಂದು ವಿಚಾರಿಸಿಯೇ ಮಾಡಿಕೊಡುವ ಚಾಳಿ. ಹಾಗಾಗಿ ಓಣಿಗೆಲ್ಲ ಅವನು ಯಾಕಪ್ಪ.

“ಬೀಗ ಯಾಕಕ್ಕ?” ಎಂದ.

ಅಕ್ಕ ಎಲ್ಲ ಹೇಳಿದಳು. ಅವನು ಬೀಗವನ್ನು ಜೇಬಿಗೇ ಇಳಿಸಿ ಪಾತಿಯ ಬಳಿ ಕೂತ. ಒಂದು ಒಂಟಿ ಎಸಳನ್ನು ಎಲೆ ಸಮೇತ ಮೇಲಕ್ಕೆಳೆದ. ಸಲೀಸಾಗಿ ಬರಲಿಲ್ಲ. ತೊಳೆದು ಬಿಸಿಲಿಗೆ ಹಿಡಿದು ನೋಡಿದ.

“ಇದನ್ನ ನೆಟ್ಟೋರು ಯಾರು?”

“ನಿಮ್ಮ ಭಾವ. ನಾನು ಕಣ್ಣಿನ ಆಪರೇಷನ್ ಮಾಡಿಸ್ಕೊಂಡು ಮಗಳ ಮನೇಲಿದ್ದೆನಲ್ಲ. ಫೋನಲ್ಲೇ ಹೇಳಿ ನೆಡಿಸಿದೆ.”

ಭಾವ ಬಸ್ಸಿನ ಡ್ರೈವರ್ ಆಗಿದ್ದವರು, ಈಗ ನಿವೃತ್ತರು. ಮೆಟ್ಟಿಲ ಮೇಲೆ ಪೇಪರು ಹಿಡಿದು ಕೂತಿದ್ದರು. ಚೂಪು ಮೇಲೆ, ಬುಡ ಕೆಳಗೆ, ಹೇಳಿದ ಹಾಗೇ ನೆಟ್ಟೆ ಎಂದರು. ಆಗಿನಿಂದ ಅವರು ಒಂದು ಹಾಳೆಯನ್ನೂ ಮಗುಚಿರಲಿಲ್ಲ ಎಂಬುದು ಹೊಲಿಗೆಯಾಕೆಗೆ ಆಮೇಲೆ ನೆನಪಾಯಿತು.

“ಬಿತ್ತನೆ ಎಲ್ಲಿತ್ತು?”

ಅಡಿಗೆಮನೆಯ ಗೂಟದಲ್ಲಿ, ಕೆಂಪಿನದೇ ಎರಡು ಚೀಲ ಎಂದಳು ಅಕ್ಕ. ಒಂದರಲ್ಲಿ ದೊಡ್ಡ ಗಡ್ಡೆ, ಒಂದರಲ್ಲಿ ಸಣ್ಣದು. ಒಳ್ಳೆಯದು ಮಣ್ಣಿಗೆ, ಸಣ್ಣದು ಒಲೆಗೆ—ತಾಯಿಯ ಕಾಲದಿಂದ ಬಂದ ಕಟ್ಟಳೆ.

ಯಾಕಪ್ಪ, ಇನ್ನೂ ಗೇಟಿನ ಬಳಿಯೇ ನಿಂತಿದ್ದ ಹೊಲಿಗೆಯಾಕೆಯ ಕಡೆ ತಿರುಗಿದ.

“ಈ ವರ್ಷ ಈ ಹಿತ್ತಲಿಂದ ನಿನಗೆ ಏನೇನು ಬಂತಮ್ಮ?”

ಅವಳು ತಡವರಿಸಿದಳು. ಸೊಪ್ಪು ಬಂತು, ಮೆಣಸಿನಕಾಯಿ ಬಂತು. “ಬೆಳ್ಳುಳ್ಳಿ ಹೂದಂಟು ಮಾತ್ರ ಬರಲಿಲ್ಲಣ್ಣ. ಪ್ರತಿ ವರ್ಷ ಪಲ್ಯಕ್ಕೆ ಅಂತ ಒಂದು ಕಟ್ಟು ಕೊಡ್ತಿದ್ರು. ಅಕ್ಕನಿಗೆ ನನ್ನ ಮೇಲೆ ಏನೋ ಬೇಜಾರು ಅಂದ್ಕೊಂಡು ಕೇಳಲಿಲ್ಲ.”

“ಬಂದಿದ್ರೆ ತಾನೇ ಕೊಡೋದು?” ಎಂದಳು ಹಿತ್ತಲಕ್ಕ. “ಕೆಂಪು ಈ ವರ್ಷ ದಂಟೇ ಬಿಡಲಿಲ್ಲ. ಗಿಡಾನೂ ಹುಲ್ಲಿನ ಹಾಗೆ ಕಂಡ್ತು. ಕಣ್ಣೇ ಇನ್ನೂ ಸರಿಹೋಗಿಲ್ಲ ಅಂದ್ಕೊಂಡೆ.”

ಯಾಕಪ್ಪ ಎದ್ದು ಅಡಿಗೆಮನೆಗೆ ಹೋಗಿ ಬಂದ. ಕಿಟಕಿಯ ಮೊಳೆಯಲ್ಲಿ ಒಣಗಿದ ಹೂದಂಟುಗಳು ಇರುತ್ತಿದ್ದವಲ್ಲ, ಕೊಕ್ಕರೆ ಕತ್ತಿನ ಹಾಗೆ ಬಾಗಿದವು, ಅವೆಲ್ಲಿ ಎಂದು ಕೇಳಿದ. ಅಕ್ಕ ಚಂದಕ್ಕೆಂದು ನಾಲ್ಕಾರು ದಂಟನ್ನು ಕತ್ತರಿಸದೆ ಬಲಿಯಬಿಟ್ಟು ತೂಗುಹಾಕುವುದಿತ್ತು. ಧೂಳು ಹಿಡಿದಿದ್ದವು, ಯಾರೋ ಎಸೆದಿರಬೇಕು ಎಂದಳು.

ಪೇಪರಿನ ಹಿಂದೆ ಯಾರೋ ಗಂಟಲು ಸರಿಮಾಡಿಕೊಂಡರು.

“ಅಕ್ಕ, ಕಳವು ಈಗ ಆಗಿದ್ದಲ್ಲ. ನೆಡೋಕೆ ಮುಂಚೇನೇ ಆಗಿದೆ.” ಯಾಕಪ್ಪ ಒಂಟಿ ಎಸಳನ್ನು ಅವಳ ಅಂಗೈಗೆ ಹಾಕಿದ. “ಬೇರು ನೋಡು, ಮಣ್ಣು ಕಚ್ಚಿಕೊಂಡಿದೆ. ಒತ್ತಿಟ್ಟು ಹೋಗಿದ್ದು ಹೀಗೆ ಬೇರು ಬಿಡುತ್ತಾ? ಗೀರು ನೋಡು. ಇದು ಅಂಗಡೀದಲ್ಲ. ಅಮ್ಮನದೇ.”

ಹಿತ್ತಲಕ್ಕ ಅದನ್ನು ಕಣ್ಣಿನ ಹತ್ತಿರಕ್ಕೆ ತಂದಳು. ತೆಳ್ಳಗೆ ನೇರಳೆ ಗೀರು.

ಯಾಕಪ್ಪ ಬಿಡಿಸಿ ಹೇಳಿದ. ಒಣಗಿದ ಹೂದಂಟಿನ ತಲೆಯಲ್ಲಿ ಅಕ್ಕಿಕಾಳಿನಂಥ ಮರಿಗಳಿರುತ್ತವೆ. ಅವನ್ನು ನೆಟ್ಟರೆ ಮೊದಲ ವರ್ಷ ಹುಲ್ಲಿನಂಥ ಎಲೆ, ಒಂಟಿ ಎಸಳು, ದಂಟು ಬರುವುದಿಲ್ಲ. ಅಕ್ಕ ಮದುವೆಯಾಗಿ ಹೋದ ಮೇಲೆ ಒಂದು ಮಳೆಗಾಲ ಅಮ್ಮನ ಬಿತ್ತನೆಯೆಲ್ಲ ಕೊಳೆತಾಗ ಅಮ್ಮನೂ ಹೀಗೇ ಮಾಡಿದ್ದಳು.

“ಎಸಳಿನ ಬದಲು ಮರಿ ನೆಟ್ಟಿದ್ದಾರೆ. ಯಾಕೆ? ಎಸಳು ಇರಲಿಲ್ಲ. ಯಾಕಿರಲಿಲ್ಲ? ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ ಅಕ್ಕ, ಹಾಗೇ ಮನೆಯೊಳಗಿನ ಮನುಷ್ಯ ಕಳ್ಳನಾಗಿ ಕಾಣೋದಿಲ್ಲ. ಭಾವ, ನೀವೇ ಹೇಳ್ತೀರಾ?”

ಪೇಪರು ಮೆಲ್ಲಗೆ ಕೆಳಗಿಳಿಯಿತು.

“ಒಬ್ಬನೇ ಅಡಿಗೆ ಮಾಡ್ಕೋತಿದ್ದೆ. ದೊಡ್ಡದಿರುವಾಗ ಸಣ್ಣದನ್ನ ಯಾರು ಸುಲೀತಾರೆ? ಅದು ಮುಗೀತು, ಆಮೇಲೆ ಸಣ್ಣದೂ ಮುಗೀತು. ಆಗ ಇವಳ ಫೋನು ಬಂತು—ದೊಡ್ಡ ಚೀಲದ್ದು ನೆಡಿ ಅಂತ. ಕಿಟಕೀಲಿದ್ದ ದಂಟಿನ ಮರಿ ಕಣ್ಣಿಗೆ ಬಿತ್ತು, ಅದನ್ನೇ ಉದುರಿಸಿ ನೆಟ್ಟೆ.” ಅವರು ಹೊಲಿಗೆಯಾಕೆಯ ಕಡೆ ನೋಡಿದರು, ಪೂರ್ತಿ ನೋಡಲಾಗಲಿಲ್ಲ. “ನಿನ್ನ ಮೇಲೆ ಹಾಕಿದಾಗಲೇ ಬಾಯಿ ಬಿಡಬೇಕಿತ್ತು ತಂಗಿ. ಆಯುಷ್ಯವೆಲ್ಲ ಬಸ್ಸು ಓಡಿಸಿದೋನು, ಬೇಕಾದ ಕಡೆ ಬ್ರೇಕು ಹಾಕಲಿಲ್ಲ.”

ಈ ಚಳಿಗೆ ಇವನ್ನೇ ನೆಟ್ಟರೆ ಮುಂದಿನ ಸುಗ್ಗಿಗೆ ತುಂಬು ಗಡ್ಡೆ ಎಂದು ಯಾಕಪ್ಪ ಗೊಣಗಿದ. ಹಿತ್ತಲಕ್ಕ ಒಂಟಿ ಎಸಳುಗಳನ್ನು ಒಂದೊಂದಾಗಿ ಆರಿಸಿ ನೆಲದ ಮೇಲೆ ಗುಡ್ಡೆ ಮಾಡಿದಳು. ಆಮೇಲೆ ಅಂಗೈಯಿಂದ ಅದನ್ನು ಎರಡು ಗುಡ್ಡೆ ಮಾಡಿದಳು.

ಅಷ್ಟು ಹೊತ್ತಿಗೆ ಮೇಸ್ತ್ರಿ ಕರಣೆ ಹಿಡಿದು ಬಂದು, ಗೋಡೆ ಎಲ್ಲಿಗಮ್ಮ ಎಂದ.

ಹಿತ್ತಲಕ್ಕ ಒಂದು ಗುಡ್ಡೆಯನ್ನು ಬಾಚಿಕೊಂಡು ಎದ್ದಳು. ಇಷ್ಟು ವರ್ಷ ಗೇಟು ದಾಟಿ ಬರುತ್ತಿದ್ದವಳು ಹೊಲಿಗೆಯಾಕೆಯೇ. ಇಂದು ಹಿತ್ತಲಕ್ಕ ಆಚೆ ಹೋಗಿ ನಿಂತು, “ನಿನ್ನ ಹಿತ್ತಲಲ್ಲಿ ಬಿಸಿಲು ಬೀಳೋ ಜಾಗ ಯಾವುದೇ? ತೋರಿಸು ಬಾ,” ಎಂದಳು. “ತಿನ್ನೋಕಲ್ಲ ಮತ್ತೆ. ಮಣ್ಣಿಗೆ.”

ಹೊಲಿಗೆಯಾಕೆ ಅಂಗೈ ಒಡ್ಡಿದಳು. ಕಣ್ಣು ಒರೆಸಿಕೊಳ್ಳಲು ಕೈ ಉಳಿಯಲಿಲ್ಲ.

ಮೇಸ್ತ್ರಿಗೆ ಗೋಡೆ ಬೇಡ, ಇವಳ ಹಿತ್ತಲಲ್ಲಿ ಒಂದು ಪಾತಿಗೆ ಕಟ್ಟೆ ಕಟ್ಟಿಕೊಡು ಎಂದು ಅಪ್ಪಣೆಯಾಯಿತು. ಆಮೇಲೆ ಹಿತ್ತಲಕ್ಕ ತಮ್ಮನ ಕಡೆ ತಿರುಗಿದಳು.

“ತಂದ ಬೀಗ ಸುಮ್ಮನೆ ಹೋಗಬಾರದು. ಅಡಿಗೆಮನೆ ಕಪಾಟಿಗೆ ಹಾಕು.”

ಅಂದು ಮಾತ್ರ ಅವನು ಯಾಕೆ ಎಂದು ಕೇಳಲಿಲ್ಲ.