ಹನ್ನೆರಡನೆಯ ಗುರುತು

ಬೀರುವಿನ ಬಾಗಿಲು ತೆರೆದಿತ್ತು. ಬೀಗ ಮುರಿದಿರಲಿಲ್ಲ. ಗೋಡೆ ಗಡಿಯಾರ, ಹೊಸ ಸ್ಪೀಕರ್, ಟೀಚರ್ ನಿನ್ನೆ ಮರೆತುಹೋಗಿದ್ದ ಕೊಡೆ, ಎಲ್ಲವೂ ಇದ್ದಲ್ಲೇ ಇದ್ದವು. ಹೋದದ್ದು ಬಿಸ್ಕತ್ತಿನ ಹಳೆಯ ಡಬ್ಬ ಒಂದೇ.

ಡಬ್ಬದಲ್ಲಿ ಇದ್ದದ್ದು ಚೀಟಿಗಳು. ಒಂದೂವರೆ ವರ್ಷದ ಚೀಟಿಗಳು. ಒಂದೊಂದರಲ್ಲೂ ಒಂದೊಂದು ಎಡವಟ್ಟು ಇಂಗ್ಲಿಷ್ ವಾಕ್ಯ.

"ಅದನ್ನ ಯಾರು ಕದೀತಾರೆ ಮೇಡಂ?" ಆಸ್ಪತ್ರೆಯ ಕಾವಲುಗಾರ ತಲೆ ಕೆರೆದುಕೊಂಡ. "ಸರಿಯಾದ ಇಂಗ್ಲಿಷ್ ಆಗಿದ್ರೆ ಒಂದು ಮಾತು."

ಟೀಚರಿಗೆ ನಗು ಬರಲಿಲ್ಲ.

ಆಸ್ಪತ್ರೆಯ ಹಿಂದೆ, ಲಾಂಡ್ರಿಗೆ ಅಂಟಿಕೊಂಡ ಈ ಕೋಣೆಯಲ್ಲಿ ಆಕೆ ಸಿಬ್ಬಂದಿಗೆ ಇಂಗ್ಲಿಷ್ ಬರವಣಿಗೆ ಹೇಳಿಕೊಡುತ್ತಿದ್ದಳು. ವ್ಯಾಕರಣ ಅವರಿಗೆ ಗೊತ್ತಿತ್ತು. ಬರೆಯಲು ಕೂತರೆ ಮಾತ್ರ ವಾಕ್ಯ ಗಂಜಿ ಹಾಕಿದ ಬಟ್ಟೆಯ ಹಾಗೆ ಸೆಟೆದು ನಿಲ್ಲುತ್ತಿತ್ತು. "ಸದರಿ ರೋಗಿಗೆ ನೀರಿನ ಅವಶ್ಯಕತೆಯು ಉಂಟಾಗಿರುತ್ತದೆ" ಎಂಬ ಧಾಟಿಯದನ್ನು "ಅವರಿಗೆ ಬಾಯಾರಿದೆ" ಎಂಬ ಧಾಟಿಗೆ ಇಳಿಸುವುದು ಆಕೆಯ ಕೆಲಸ.

ತಪ್ಪು ತೋರಿಸಿಕೊಳ್ಳಲು ದೊಡ್ಡವರಿಗೆ ನಾಚಿಕೆ. ಅದಕ್ಕೆ ಆಕೆ ಬಾಗಿಲ ಹೊರಗೆ ಒಂದು ಪೆಟ್ಟಿಗೆ ಇಟ್ಟಿದ್ದಳು. ಚೀಟಿಯಲ್ಲಿ ವಾಕ್ಯ ಬರೆದು ಹಾಕಬೇಕು. ಹೆಸರು ಬೇಡ, ಮೂಲೆಯಲ್ಲಿ ಒಂದು ಚಿತ್ರ ಸಾಕು. ಯಾರು ಯಾರಿಗೆ ಹೇಳುತ್ತಿರುವ ಮಾತು ಎಂದು ಮಾತ್ರ ಮೇಲೆ ಬರೆಯಲೇಬೇಕು. ಮಗನಿಗೆ ಹೇಳುವ ಧಾಟಿ ಡಾಕ್ಟರಿಗೆ ಒಗ್ಗುವುದಿಲ್ಲವಲ್ಲ. ಆಕೆ ತಿದ್ದಿದ್ದನ್ನು ಬೇರೆ ಕಾಗದದಲ್ಲಿ ಬರೆದು, ಅದೇ ಚಿತ್ರ ಹಾಕಿ, ಹೊರಗಿನ ತಟ್ಟೆಯಲ್ಲಿಡುವಳು. ಅವರವರದನ್ನು ಅವರವರು ಒಯ್ಯುವರು. ಮೂಲ ಚೀಟಿ ಡಬ್ಬಕ್ಕೆ. ಯಾವ ಚಿತ್ರ ಯಾರದು ಎಂದು ಆಕೆ ಕೇಳಿದವಳೇ ಅಲ್ಲ.

ಅಷ್ಟರಲ್ಲಿ ನರ್ಸ್ ಓಡಿ ಬಂದಳು. ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕವಳು. ಕೈಯಲ್ಲಿದ್ದ ಕಾಗದವನ್ನು ಮುಂದೆ ಹಿಡಿದಳು.

"ಟೀಚರ್, ಇದನ್ನ ಈಗ ಕೊಟ್ರು. ಮೂರು ಗಂಟೆಗೆ ವಿಚಾರಣೆ. ನನ್ನ ಕೆಲಸ ಹೋಗುತ್ತೆ. ಇನ್ನೆಲ್ಲೂ ನರ್ಸ್ ಆಗೋಕೆ ಬಿಡಲ್ಲ."

"ಕೂತ್ಕೋ. ಮೊದಲಿಂದ ಹೇಳು."

ಹೋದ ವಾರ ಬುಧವಾರ ಏಳನೇ ಹಾಸಿಗೆಯ ಮುದುಕರಿಗೆ ನಿದ್ದೆ ಔಷಧಿ ಎರಡು ಪಟ್ಟು ಬಿದ್ದಿತ್ತು. ಎರಡು ದಿನ ಕಣ್ಣು ಬಿಡಲಿಲ್ಲ. ಬದುಕಿದ್ದೇ ಪುಣ್ಯ.

"ಸಂಜೆ ಏಳಕ್ಕೆ ಡ್ಯೂಟಿಗೆ ಬಂದೆ. ಚಾರ್ಟಲ್ಲಿ ಆರು ಗಂಟೆ ಜಾಗ ಖಾಲಿ ಇತ್ತು. ಕೊಟ್ಟೆ, ಬರೆದೆ. ಒಂದೇ ಸಲ ಟೀಚರ್."

"ನಿನಗಿಂತ ಮುಂಚೆ ಯಾರಾದ್ರೂ ಕೊಟ್ಟಿದ್ರೆ?"

"ಕೊಟ್ಟಿದ್ರೆ ಬರೀತಿದ್ರಲ್ಲ. ಯಾರೂ ಕೊಟ್ಟಿಲ್ಲ ಅಂತ ದೊಡ್ಡಕ್ಕನೇ ವಿಚಾರಿಸಿ ಹೇಳಿದ್ರು."

ದೊಡ್ಡಕ್ಕ ಎಂದರೆ ಹೆಡ್ ನರ್ಸ್. ಇಡೀ ಆಸ್ಪತ್ರೆಗೇ ದೊಡ್ಡಕ್ಕ.

"ಅವರೂ ಕಮಿಟೀಲಿದ್ದಾರೆ, ಅದೊಂದೇ ಧೈರ್ಯ. ಅವರಷ್ಟು ಚೆನ್ನಾಗಿ ಬರೆಯೋಕೆ ಬಂದಿದ್ರೆ ನಾನೂ ಉತ್ತರ ಗೀಚಿ ಬಿಸಾಕ್ತಿದ್ದೆ. ಅವರು ವಾರ್ಡಿನ ಬಾಗಿಲಿಗೆ ಅಂಟಿಸೋ ಚೀಟೀನೂ ಎಷ್ಟು ಸಲೀಸಾಗಿರುತ್ತೆ ಗೊತ್ತಾ?"

ಟೀಚರ್ ಪತ್ರ ತೆಗೆದುಕೊಂಡಳು. ಟೈಪ್ ಮಾಡಿದ ಇಂಗ್ಲಿಷ್. ಸಹಿಯ ಜಾಗದಲ್ಲಿ "ಒಬ್ಬ ರೋಗಿಯ ಮಗ" ಎಂದಷ್ಟೇ. ನರ್ಸ್ ಎರಡು ಸಲ ಔಷಧಿ ಕೊಟ್ಟದ್ದನ್ನು ಕಂಡೆ ಎಂಬ ದೂರು.

"ಇಂಥ ಇಂಗ್ಲಿಷ್ ನಿಮ್ಮಂಥೋರಿಗೆ ಯಾರಿಗೂ ಬರಲ್ಲ, ಹೊರಗಿನವರೇ ಬರೆದಿದ್ದು, ಸುಳ್ಳಿರಲ್ಲ ಅಂತಾರೆ ಕಮಿಟಿಯವರು" ಎಂದು ನರ್ಸ್ ಮೂಗೊರೆಸಿಕೊಂಡಳು.

ಟೀಚರ್ ಮೂರನೆಯ ಸಾಲಿಗೆ ಬಂದು ನಿಂತಳು. "ಅವಳು ಎರಡು ಸಲ ಬಂದು ಹೋದದ್ದನ್ನು ನಾನೇ ಕಂಡೆ, ಕಣ್ತಪ್ಪು ಎಂದುಕೊಳ್ಳಲು ನೋಡಿದೆ, ಆಗಲಿಲ್ಲ." ಕೊನೆಯ ಸಾಲಿಗೆ ಹಾರಿದಳು. "ಕೋಪಕ್ಕೆ ಬರೆಯುತ್ತಿಲ್ಲ. ಇನ್ನೊಬ್ಬರಿಗೆ ಹೀಗಾಗಬಾರದು, ಅಷ್ಟೆ."

ಆ ವಾಕ್ಯಗಳು ಆಕೆಯವೇ. ಹೋದ ವಾರವೇ ಪೆಟ್ಟಿಗೆಗೆ ಬಿದ್ದಿದ್ದವು. ಹೋಟೆಲಿನ ಅತಿಥಿ, ಮ್ಯಾನೇಜರಿಗೆ ಎಂದು ಮೇಲೆ ಬರೆದಿತ್ತು. ಕೋಣೆ ಗುಡಿಸುವವಳ ಮೇಲೆ ದೂರು. ಎಷ್ಟು ಮುತುವರ್ಜಿಯಿಂದ ನಯಗೊಳಿಸಿ ಕೊಟ್ಟಿದ್ದಳು! ಮುಂದೆ ಕೂತು ಅಳುತ್ತಿರುವ ಈ ಹುಡುಗಿಯ ಕುತ್ತಿಗೆಗೆ ಹಗ್ಗ ಹೊಸೆದುಕೊಟ್ಟವಳು ತಾನೇ.

ಆ ಚೀಟಿಗಳ ಮೂಲೆಯಲ್ಲಿದ್ದ ಚಿತ್ರ ನೆನಪಿತ್ತು. ಬೀಗದ ಕೈ.

* * *

ಬೀಗದ ಕೈ ಎಂದಕೂಡಲೇ ನೆನಪಾದವನು ಆಂಬುಲೆನ್ಸ್ ಡ್ರೈವರ್. ಯಾವಾಗ ನೋಡಿದರೂ ಬೆರಳಲ್ಲಿ ಕೀ ಗೊಂಚಲು ತಿರುಗಿಸುವವನು. ಕಳೆದ ತಿಂಗಳು ನರ್ಸ್ ಜೊತೆ ಸ್ಟ್ರೆಚರ್ ವಿಷಯಕ್ಕೆ ಜೋರು ಜಗಳವಾಡಿದ್ದವನು.

"ನಿನ್ನ ಗುರುತು ಯಾವುದಪ್ಪ?"

"ಯಾಕೆ ಮೇಡಂ? ಕೇಳಲ್ಲ ಅಂದಿದ್ರಿ."

"ಇವತ್ತು ಕೇಳ್ತಿದ್ದೀನಿ."

ಅವನು ಸೀಟಿನಡಿಯಿಂದ ಮಡಿಸಿದ ಕಾಗದಗಳನ್ನು ತೆಗೆದ. ಎಲ್ಲದರ ಮೇಲೂ ಆಮೆ.

"ಆಂಬುಲೆನ್ಸ್ ಡ್ರೈವರಿಗೆ ಆಮೆಯಾ?"

"ದಿನಾ ಓಡೋದೇ ಆಯ್ತಲ್ಲ ಮೇಡಂ. ಚೀಟೀಲಾದ್ರೂ ನಿಧಾನಕ್ಕೆ ಹೋಗೋಣ ಅಂತ."

ಗಂಟೆ ಹತ್ತೂವರೆ.

ಔಷಧಿ ಕೌಂಟರಿನವನು ಗುರುತು ಹೇಳಲು ಒಪ್ಪಲಿಲ್ಲ. ಮುಖ ಕೆಂಪಾಯಿತು. ಡ್ರಾಯರಿಗೆ ಕೈ ಅಡ್ಡ ಇಟ್ಟ. ಔಷಧಿ ಅಳೆದು ಕಳಿಸುವವನು ಇವನೇ ತಾನೇ?

"ಒಂದು ಹುಡುಗಿ ಬದುಕಿನ ಪ್ರಶ್ನೆ" ಎಂದಳು.

ಅವನು ಅತ್ತಿತ್ತ ನೋಡಿ ಡ್ರಾಯರ್ ಎಳೆದ. ಬಲ್ಬಿನ ಗುರುತು. ಬೇರೆ ಆಸ್ಪತ್ರೆಗೆ ಹಾಕಲಿರುವ ಅರ್ಜಿಯ ವಾಕ್ಯಗಳು. "ಯಾರಿಗೂ ಹೇಳ್ಬೇಡಿ ಮೇಡಂ" ಎಂದು ಕೈ ಮುಗಿದ.

ಹನ್ನೆರಡೂವರೆಯ ಹೊತ್ತಿಗೆ ತರಗತಿಯ ಹನ್ನೊಂದು ಜನರನ್ನೂ ವಿಚಾರಿಸಿ ಆಗಿತ್ತು. ಹನ್ನೊಂದು ಗುರುತು ಸಿಕ್ಕಿದ್ದವು. ಬೀಗದ ಕೈ ಯಾರದೂ ಅಲ್ಲ.

* * *

ಕಳ್ಳರಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಪಾಠಕ್ಕೆ ಬೇಕಾಗುತ್ತದೆಂದು ಟೀಚರ್ ಪ್ರತಿ ವಾಕ್ಯವನ್ನೂ ತಿದ್ದುಪಡಿಯನ್ನೂ, ಗುರುತು ತಾರೀಕಿನ ಸಮೇತ, ಮನೆಯ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ಬಸ್ಸು ಹಿಡಿದು ಮನೆಗೆ ಹೋದಳು. "ಊಟ?" ಎಂದ ಗಂಡನಿಗೆ ಉತ್ತರ ಕೊಡಲಿಲ್ಲ. ವಾಪಸು ಬರುವ ಬಸ್ಸಿನಲ್ಲೇ ಬೀಗದ ಕೈಯ ವಾಕ್ಯಗಳನ್ನು ಓದುತ್ತ ಬಂದಳು. ಪ್ರತಿ ಸಿಗ್ನಲ್ಲಿನಲ್ಲೂ ಬಸ್ಸು ನಿಂತಿತು. ಪ್ರತಿ ಸಲವೂ ಆಕೆ ಗಡಿಯಾರ ನೋಡಿದಳು.

ಹೋಟೆಲಿನ ವಾಕ್ಯಗಳು ಹೋದ ಶುಕ್ರವಾರದವು. ಅದಕ್ಕೂ ಹಿಂದೆ, ಅದೇ ಗುರುತಿನಲ್ಲಿ ಇನ್ನೊಂದು ಇತ್ತು. ನರ್ಸ್, ಡಾಕ್ಟರಿಗೆ. ಚೀಟಿ ಬಿದ್ದದ್ದು ಬುಧವಾರ. ತಿದ್ದಿದ್ದು ಗುರುವಾರ.

"ಏಳನೇ ಹಾಸಿಗೆಯವರು ಆರು ಗಂಟೆಯ ಔಷಧಿಯಲ್ಲಿ ತುಸು ಉಗುಳಿದರು, ಉಳಿದದ್ದು ಒಳಗೆ ಹೋಗಿದೆ."

ಓದಿ ಆಕೆಗೆ ತನ್ನ ಮೇಲೇ ನಾಚಿಕೆಯಾಯಿತು. ಇದನ್ನು ತಿದ್ದುವಾಗ ವಾಕ್ಯದ ನಡಿಗೆ ನೋಡಿದ್ದಳೇ ಹೊರತು ಅದು ಏನು ಹೇಳುತ್ತಿದೆ ಎಂದು ನೋಡಿರಲಿಲ್ಲ.

ಬೀಗದ ಕೈಯವರು ಔಷಧಿ ಕೊಟ್ಟಿದ್ದರು. ಬರೆದಿರಲಿಲ್ಲ. ಆದರೆ ಅವರು ಯಾರು?

ವಾರ್ಡಿನ ಬಾಗಿಲಿಗೆ ಬಂದಾಗ ಎರಡೂ ಮುಕ್ಕಾಲು. ಕಂಬಿ ಹಿಡಿದು ಏದುಸಿರು ಬಿಡುತ್ತಿದ್ದವಳ ಕಣ್ಣೆದುರಿಗೇ ಕೈಬರಹದ ಇಂಗ್ಲಿಷ್ ಚೀಟಿಯೊಂದು ಗಾಜಿಗೆ ಅಂಟಿತ್ತು. "ನಿಮಗಿದು ಭೇಟಿಯ ಹೊತ್ತು, ಅವರಿಗೆ ನಿದ್ದೆಯ ಹೊತ್ತು. ಸ್ವಲ್ಪ ಮೆತ್ತಗೆ."

ಆಕೆ ನೋಟ್‌ಬುಕ್ ತಿರುವಿದಳು. ಮಾರ್ಚ್ ತಿಂಗಳು. ಬೀಗದ ಕೈ. ಅಕ್ಷರಕ್ಕೆ ಅಕ್ಷರ ಅದೇ.

* * *

ಸೂಪರಿಂಟೆಂಡೆಂಟರ ಕೋಣೆಯಲ್ಲಿ ಮೂವರು ಕೂತಿದ್ದರು. ನಡುವೆ ಸೂಪರಿಂಟೆಂಡೆಂಟ್, ಎಡಕ್ಕೆ ಒಬ್ಬ ಡಾಕ್ಟರ್, ಬಲಕ್ಕೆ ದೊಡ್ಡಕ್ಕ. ನರ್ಸ್ ಎದುರಿಗೆ ನಿಂತಿದ್ದಳು.

"ಈ ಪತ್ರ ಯಾವ ಮಗನೂ ಬರೆದಿದ್ದಲ್ಲ" ಎಂದಳು ಟೀಚರ್. "ವಾಕ್ಯಗಳು ನನ್ನವು. ಬರೆಸಿಕೊಂಡವರು ಇಲ್ಲೇ ಇದ್ದಾರೆ."

ನೋಟ್‌ಬುಕ್ ಮೇಜಿನ ಮೇಲಿಟ್ಟು ಹೋಟೆಲಿನ ದೂರು ತೋರಿಸಿದಳು. ಪಕ್ಕದಲ್ಲಿ ಪತ್ರವಿಟ್ಟಳು.

"ಈ ಗುರುತು ಬೀಗದ ಕೈ. ನನ್ನ ತರಗತಿಯಲ್ಲಿ ಹನ್ನೊಂದು ಜನ, ಗುರುತು ಹನ್ನೆರಡು. ಯಾರೋ ಒಬ್ಬರು ಎರಡು ಗುರುತು ಇಟ್ಕೊಂಡಿದ್ದಾರೆ ಅಂದ್ಕೊಂಡಿದ್ದೆ. ಅಲ್ಲ. ಈ ಹನ್ನೆರಡನೆಯವರು ತರಗತಿಗೆ ಬಂದೇ ಇಲ್ಲ. ಪೆಟ್ಟಿಗೆ ಹೊರಗಿತ್ತು, ತಟ್ಟೇನೂ ಹೊರಗಿತ್ತು. ಬರಬೇಕಾಗಿರಲಿಲ್ಲ."

"ಡಬ್ಬ ಕದ್ದದ್ದು?" ಡಾಕ್ಟರ್ ಕೇಳಿದರು.

"ಅದರಲ್ಲಿ ಅವರ ಕೈಬರಹ ಇತ್ತು. ಪತ್ರದ ಪ್ರತಿ ಇವತ್ತು ಈ ಹುಡುಗಿ ಕೈಗೆ ಬರುತ್ತೆ, ಅವಳು ನನ್ನ ಹತ್ರ ಓಡಿ ಬರ್ತಾಳೆ, ಅಂತ ಮೊದಲೇ ಗೊತ್ತಿದ್ದದ್ದು ಕಮಿಟಿಯವರಿಗೆ. ಇನ್ನು ಆ ಬೀರು. ಅದು ವಾರ್ಡಿಂದ ತಳ್ಳಿದ ಹಳೇ ಔಷಧಿ ಬೀರು. ಒಂದು ಕೀ ನನಗೆ ಕೊಟ್ರು. ಇನ್ನೊಂದು ವಾರ್ಡಿನ ಗೊಂಚಲಲ್ಲೇ ಉಳೀತು."

ಟೀಚರ್ ಬುಧವಾರದ ಪುಟವನ್ನು ಓದಿಸಿದಳು, ಆಮೇಲೆ ಮಾರ್ಚಿನ ಪುಟ ತೆರೆದು ಬಾಗಿಲಿನಿಂದ ಕಿತ್ತು ತಂದ ಚೀಟಿಯನ್ನು ಅದರ ಪಕ್ಕದಲ್ಲಿಟ್ಟಳು.

"ಎರಡೂ ಬೀಗದ ಕೈಯವು. ಬಾಗಿಲ ಮೇಲಿನ ಬರಹ ಯಾರದು ಅಂತ ನಿಮಗೆಲ್ಲ ಗೊತ್ತು."

ದೊಡ್ಡಕ್ಕ ಸೊಂಟದ ಗೊಂಚಲನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಬಹಳ ಹೊತ್ತು ಹಿಡಿದೇ ಇದ್ದಳು. ಆಮೇಲೆ ಮೇಜಿನ ಮೇಲಿಟ್ಟಳು.

"ಆರು ಗಂಟೆಗೆ ನಾನೇ ಕೊಟ್ಟೆ" ಎಂದಳು. "ಸ್ವಲ್ಪ ಉಗುಳಿದ್ರು. ಅದನ್ನ ಚಾರ್ಟಲ್ಲಿ ಹೇಗೆ ಬರೆಯೋದು ಗೊತ್ತಾಗಲಿಲ್ಲ. ಪಕ್ಕದಲ್ಲಿ ಟ್ರೈನಿಗಳು ನಿಂತಿದ್ರು. ಪೆಟ್ಟಿಗೆಗೆ ಹಾಕಿ, ಸರಿಯಾಗಿ ಬಂದ ಮೇಲೆ ಬರೆಯೋಣ ಅಂದ್ಕೊಂಡೆ. ದಿನಾ ಹಾಗೇ ಮಾಡ್ತಿದ್ದೆ. ಯಾರಿಗೂ ಏನೂ ಆಗಿರಲಿಲ್ಲ."

"ದೊಡ್ಡಕ್ಕಾ, ನಾನು ನಿಮ್ಮನ್ನ ನಂಬಿದ್ದೆ" ಎಂದಳು ನರ್ಸ್.

"ಮೂವತ್ತು ವರ್ಷದಿಂದ ದೊಡ್ಡಕ್ಕ ಅನ್ನಿಸ್ಕೊಂಡವಳು ಕಣೇ. ಒಂದು ಸಾಲು ಬರೆಯೋಕೆ ಬರಲ್ಲ ಅಂತ ಯಾವ ಬಾಯಲ್ಲಿ ಹೇಳಲಿ? ಹೇಳಲಾರದೆ ನಿನ್ನ ಮೇಲೆ ಹಾಕಿದೆ."

ಸೂಪರಿಂಟೆಂಡೆಂಟ್ ಬಿಳಿ ಹಾಳೆ ಮುಂದೆ ತಳ್ಳಿದರು. "ಇದನ್ನೇ ಬರೆದುಕೊಡಿ."

ದೊಡ್ಡಕ್ಕ ಬರೆಯತೊಡಗಿದಳು. ಒಂದೊಂದು ಪದಕ್ಕೂ ಪೆನ್ನು ನಿಲ್ಲುತ್ತಿತ್ತು. ಎಲ್ಲರೂ ನೋಡುತ್ತಿದ್ದರು. ಆರು ಸಾಲಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಮುಗಿಸಿ, ಯೋಚನೆಯೇ ಇಲ್ಲದೆ ಹಾಳೆಯನ್ನು ಟೀಚರತ್ತ ಚಾಚಿದಳು.

"ಸ್ವಲ್ಪ ನೋಡಿಕೊಡಿ."

ಟೀಚರ್ ಓದಿದಳು. ಸೆಟೆದು ನಿಂತ ವಾಕ್ಯಗಳು. ಸದರಿ ರೋಗಿ, ಸದರಿ ದಿನ. ತಿದ್ದಲು ಕೈ ಎಂದಿನಂತೆ ಪೆನ್ನಿಗೆ ಹೋಗಿತ್ತು. ಹಿಂದಕ್ಕೆ ತೆಗೆದಳು.

"ಇದನ್ನ ತಿದ್ದಲ್ಲ ದೊಡ್ಡಕ್ಕ. ಎಲ್ಲ ಅರ್ಥ ಆಗುತ್ತೆ."

ದೊಡ್ಡಕ್ಕ ಹಾಳೆಯನ್ನು ವಾಪಸು ತೆಗೆದುಕೊಂಡಳು. ಅಭ್ಯಾಸಬಲದಿಂದ ಕೆಳಗಿನ ಮೂಲೆಯಲ್ಲಿ ಒಂದು ಪುಟ್ಟ ಬೀಗದ ಕೈ ಬಿಡಿಸಿದಳು. ಅದನ್ನೇ ಒಂದು ಕ್ಷಣ ನೋಡಿದಳು. ಆಮೇಲೆ ಹೊಡೆದು ಹಾಕಿ, ಪಕ್ಕದಲ್ಲಿ ತನ್ನ ಹೆಸರು ಬರೆದಳು.