ಭಾನುವಾರ ರಜೆ ಹಾಕುವ ಕಳ್ಳ

ಶುಕ್ರವಾರ ಬೆಳಿಗ್ಗೆ ಹಾಡು ಕಾಣೆಯಾಗಿತ್ತು.

ಹಾಡಿನ ಹೆಸರು 'ಬೈಟು ಟೀ'. ಎಷ್ಟು ಜನ ಕೇಳಿದರು ಅಂತ ದಿನಾ ಎದ್ದ ಕೂಡಲೇ ನೋಡುವುದು ಸಮನ್ವಿತಾಳ ಚಾಳಿ. ಇವತ್ತು ಅದರ ಜಾಗದಲ್ಲಿ ಬೂದು ಬಣ್ಣದ ಚೌಕವೊಂದು ಕೂತಿತ್ತು. ಜೊತೆಗೆ ಪ್ಲೇಗಳ ವರದಿ ಲಗತ್ತಿಸಿದ ಸ್ಟ್ರೀಮಿಂಗ್ ಕಂಪನಿಯ ಮೇಲ್. ನಿಮ್ಮ ಹಾಡಿನ ಪ್ಲೇಗಳು ನಕಲಿ. ಹಾಡನ್ನು ತೆಗೆದಿದ್ದೇವೆ. ಸೋಮವಾರದೊಳಗೆ ಸರಿಯಾದ ವಿವರಣೆ ಬಾರದಿದ್ದರೆ ನಿಮ್ಮ ಲೇಬಲ್ಲಿನ ಎಲ್ಲ ಹಾಡುಗಳನ್ನೂ ತೆಗೆಯುತ್ತೇವೆ.

ಲೇಬಲ್ ಎಂದರೆ ದೊಡ್ಡ ಕಂಪನಿ ಎಂದುಕೊಳ್ಳಬೇಡಿ. ಮೈಸೂರಿನ ಸರಸ್ವತಿಪುರಂನ ಒಂದು ಟ್ಯುಟೋರಿಯಲ್ ಮೇಲಿನ ಕೋಣೆ, ಎರಡು ಸ್ಪೀಕರ್, ಒಂದು ಕಂಪ್ಯೂಟರ್. ಹೆಸರು 'ಗೂಡುದೀಪ'. ಎಲೆಕ್ಟ್ರಾನಿಕ್ ಸಂಗೀತ ಮಾಡುವ ಊರಿನ ನಾಲ್ಕಾರು ಹುಡುಗ ಹುಡುಗಿಯರ ಹಾಡುಗಳನ್ನು ಅದು ಲೋಕಕ್ಕೆ ಬಿಡುತ್ತದೆ. ಮಾಲೀಕ ಅಭಿನವ. ಪ್ರಚಾರಕ್ಕೆ ಸಮನ್ವಿತಾ. ಬ್ಲಾಗಿನವರಿಗೆ, ರೇಡಿಯೊದವರಿಗೆ ಮೇಲ್ ಕಳಿಸುತ್ತಾಳೆ. ಹಾಡಿನ ತುಣುಕು ಕತ್ತರಿಸಿ ಚಿಕ್ಕ ವಿಡಿಯೊ ಮಾಡಿ ಹಾಕುತ್ತಾಳೆ. ಕೂಗಿ ಕರೆಯುವುದೇ ಅವಳ ಕೆಲಸ. ಓಗೊಡುವವರು ಮಾತ್ರ ಅಪರೂಪ. ಹಾಗೆಂದೇ 'ಬೈಟು ಟೀ' ಒಂದು ತಿಂಗಳಿಂದ ಏರುತ್ತಿದ್ದಾಗ ಅವಳಿಗೆ ನೆಲ ಕಾಣುತ್ತಿರಲಿಲ್ಲ.

"ನಿಜ ಹೇಳು ಸಮು," ಅಭಿನವ ಕೇಳಿದ. "ಪ್ಲೇ ಕೊಂಡ್ಕೊಂಡ್ಯಾ?"

"ನಾನಾ?"

"ಪ್ರಚಾರ ನೋಡ್ಕೊಳ್ಳೋದು ನೀನೊಬ್ಳೇ ತಾನೆ?"

ಐದು ವರ್ಷದ ಗೆಳೆಯ ಹೀಗೆ ಕೇಳಿದರೆ ಯಾರಿಗಾದರೂ ಉರಿಯುತ್ತದೆ. ಸಮನ್ವಿತಾ ಬ್ಯಾಗ್ ಎತ್ತಿಕೊಂಡಳು.

"ಯಾರು ಮಾಡಿದ್ದು ಅಂತ ಹಿಡ್ಕೊಂಡ್ ಬರ್ತೀನಿ. ಆಮೇಲೆ ಕ್ಷಮೆ ಕೇಳೋದಿದ್ರೆ ಕೇಳು ಕಣೋ."

\*

ಮೊದಲ ಅನುಮಾನ ವಿಜಯ್‌ಕುಮಾರನ ಮೇಲೆ. ಗೋಕುಲಂನ ಕೆಫೆಯೊಂದರಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಾನೆ. ಯೋಗ ಕಲಿಯಲು ಬಂದ ವಿದೇಶಿಯರ ವಿಡಿಯೊಗಳಿಗೆ ಲೈಕು, ಹಾಡುಗಾರರಿಗೆ ನಕಲಿ ಪ್ಲೇ, ಎಲ್ಲವನ್ನೂ ಮಾರುತ್ತಾನೆ. ಹೋದ ತಿಂಗಳು ಇವಳಿಗೂ ಗಾಳ ಹಾಕಿದ್ದ. ಇವಳು ಬೈದು ಕಳಿಸಿದ್ದಳು.

"ಸೇಡು ತೀರಿಸ್ಕೊಂಡ್ರಾ?"

ವಿಜಯ್‌ಕುಮಾರ್ ಅವಳ ಕೈಯಿಂದ ವರದಿ ತೆಗೆದುಕೊಂಡು ನೋಡಿದ. ಆಮೇಲೆ ನಕ್ಕ.

"ಇದು ನಮ್ಮ ಕಸುಬಿನವರ ಕೆಲ್ಸ ಅಲ್ಲ ಕಣ್ರೀ. ಎಲ್ಲಾ ಪ್ಲೇನೂ ಮೈಸೂರಿನ ಒಂದೇ ವೈಫೈಯಿಂದ ಬಂದಿದೆ. ಯಾವ ದಡ್ಡ ಹಂಗ್ ಮಾಡ್ತಾನೆ? ಮೂವತ್ತು ಸೆಕೆಂಡ್ ದಾಟಿದ್ರೆ ಪ್ಲೇ ಲೆಕ್ಕಕ್ಕೆ ಬರುತ್ತೆ. ನಾವು ಅಲ್ಲಿಗೇ ನಿಲ್ಲಿಸ್ತೀವಿ. ಇವ್ನು ಒಂದು ನಿಮಿಷದ ಮೇಲೂ ಕೇಳಿದಾನೆ. ಸುಮ್ನೆ ಟೈಮ್ ವೇಸ್ಟ್."

ಕಳ್ಳನೇ ಆದರೂ ಮಾತು ಸರಿಯಾಗಿತ್ತು.

\*

ಸಮನ್ವಿತಾ ಕೆಫೆಯ ಮೂಲೆಯಲ್ಲೇ ಕೂತು ವರದಿ ಮತ್ತೆ ನೋಡಿದಳು. ನೂರಾರು ಫೋನುಗಳು. ಒಂದೊಂದು ಫೋನಿನಲ್ಲೂ ಒಂದೇ ಸಲ. ಎಲ್ಲವೂ ನಿಂತಿದ್ದು ಹಾಡಿನ ಒಂದೇ ಜಾಗದಲ್ಲಿ. ಇನ್ನೊಂದು ವಿಚಿತ್ರ. ಭಾನುವಾರ ಒಂದು ಪ್ಲೇ ಕೂಡ ಇರಲಿಲ್ಲ.

ಯಂತ್ರ ಭಾನುವಾರ ರಜೆ ಹಾಕುತ್ತದೆಯೇ? ಇವನ್ಯಾರೋ ಅಂಗಡಿ ಬಾಗಿಲು ಹಾಕಿ ಮನೆಗೆ ಹೋಗುವ ಮನುಷ್ಯ.

ಹೆಡ್‌ಫೋನ್ ಹಾಕಿ ತನ್ನಲ್ಲಿದ್ದ ಪ್ರತಿಯನ್ನು ಅದೇ ಜಾಗದವರೆಗೆ ಕೇಳಿದಳು. ಸಂಗೀತದ ಅಡಿಯಿಂದ ಒಂದು ಶಟರ್ ಕಿರ್ರ್ ಎಂದು ಮೇಲೇರುತ್ತದೆ. ಹಿಂದೆಯೇ ಗಂಡಸಿನ ದನಿ, ಮಸುಕಾಗಿ. "ಮಂಜೂ, ಟೀ ಬಂತು ಕಣೇ, ಬಾ." ಪ್ಲೇಗಳೆಲ್ಲ ನಿಂತಿದ್ದು ಅಲ್ಲೇ.

ಪ್ರಚಾರದ ಟಿಪ್ಪಣಿಯಲ್ಲಿ ಅವಳು ಇದನ್ನು 'ನಗರದ ಸದ್ದುಗಳು' ಎಂದು ಬರೆದಿದ್ದಳು, ಯಾರದೆಂದು ಕೇಳದೆ.

\*

ಹಾಡು ಮಾಡಿದವಳು ಮಂಜುಶ್ರೀ. ಲೇಬಲ್ಲಿನ ಹಿಂದಿನ ಬೀದಿಯಲ್ಲೇ ಪಿಜಿಯಲ್ಲಿದ್ದಾಳೆ. ದನಿ ಯಾರದೆಂದು ಕೇಳಿದರೆ ಅವಳ ಮುಖ ಸಣ್ಣಗಾಯಿತು.

"ನಮ್ಮಣ್ಣ, ಲಿಂಗರಾಜು. ಲಷ್ಕರ್ ಮೊಹಲ್ಲಾದಲ್ಲಿ ಮೊಬೈಲ್ ರಿಪೇರಿ ಅಂಗಡಿ. ಕಾಲೇಜ್ ಮುಗಿಸ್ಕೊಂಡು ನಾನೂ ಅಲ್ಲೇ ಕೂರ್ತಿದ್ದೆ. ದಿನಾ ಸಂಜೆ ಶಟರ್ ತೆಗೆದ ಕೂಡ್ಲೇ ಒಂದು ಟೀ, ಬೈಟು. ಆಗ ರೆಕಾರ್ಡ್ ಮಾಡಿದ್ದು."

"ಈಗ?"

"ಮೂರು ವರ್ಷ ಆಯ್ತು. ಅವ್ನು ನೋಡಿದ್ ಗಂಡು ಬೇಡ ಅಂದೆ, ನಿಶ್ಚಿತಾರ್ಥದ ದಿನ. ನೆಂಟರ ಮುಂದೆ ಅವ್ನ ತಲೆ ತಗ್ತು. 'ಈ ಬಾಗ್ಲಿಗೆ ಬರ್ಬೇಡ' ಅಂದ. ನಾನೂ ಹೋಗ್ಲಿಲ್ಲ."

ಸಮನ್ವಿತಾ ವರದಿ ತೋರಿಸಿದಳು. ಮಂಜುಶ್ರೀ ಓದಿದಳು. ನೂರಾರು ಫೋನು, ಒಂದೇ ವೈಫೈ, ಅಣ್ಣನ ದನಿಯ ಹತ್ತಿರವೇ ನಿಲ್ಲುವ ಪ್ಲೇಗಳು.

"ಹಾಡು ಹಾಳಾಗ್ಲಿ ಅಂತ ಬೇಕೂಂತಲೇ ಮಾಡಿದ್ನಾ? ಇನ್ನೂ ಅಷ್ಟು ಕೋಪಾನಾ?"

ಸಮನ್ವಿತಾ ಅಂಗಡಿಯ ವಿಳಾಸ ಬರೆದುಕೊಂಡಳು. ಅವಳಿಗೂ ಗೊತ್ತಿರಲಿಲ್ಲ.

"ಅವ್ನು ಕೇಳ್ಲಿ ಅಂತಲೇ ಮಾಡಿದ್ ಹಾಡು ಕಣ್ರೀ ಅದು," ಎಂದಳು ಮಂಜುಶ್ರೀ. "ಪೂರ್ತಿ ಕೇಳಿದ್ರೆ ಗೊತ್ತಾಗ್ತಿತ್ತು."

\*

ಮಾರನೆಯ ದಿನ ಶನಿವಾರ. ಲಷ್ಕರ್ ಮೊಹಲ್ಲಾದ ಬೀದಿಯಲ್ಲಿ ಕಾಲಿಡಲು ಜಾಗವಿಲ್ಲ. ಸಮನ್ವಿತಾ ಸ್ಪೀಕರ್ ಕೆಟ್ಟುಹೋಗಿದ್ದ ಹಳೆಯ ಫೋನೊಂದನ್ನು ಲಿಂಗರಾಜುವಿನ ಮುಂದಿಟ್ಟಳು. ಮೂವತ್ತೈದರ ಆಸುಪಾಸಿನ, ಮಾತು ಕಡಿಮೆಯ ಗಂಡಸು. ಫೋನ್ ಬಿಚ್ಚಿದ, ಸ್ಪೀಕರ್ ಬದಲಾಯಿಸಿದ, ಅಂಗಡಿಯ ವೈಫೈ ಹಾಕಿದ. ಆಮೇಲೆ ಏನೋ ಟೈಪ್ ಮಾಡಿದ.

ಬೂದು ಚೌಕ ಬಂತು.

ಮತ್ತೆ ಟೈಪ್ ಮಾಡಿದ. ತನ್ನ ಫೋನ್ ತೆಗೆದು ಅದರಲ್ಲೂ ಹುಡುಕಿದ. ಅವನ ಹಣೆ ಬೆವರಿತು.

"ಏನಾಯ್ತು?"

"ಸ್ಪೀಕರ್ ಚೆಕ್ ಮಾಡಕ್ಕೆ ಒಂದ್ ಹಾಡಿತ್ತು ಮೇಡಂ. ನೆನ್ನೆಯಿಂದ ಸಿಗ್ತಿಲ್ಲ."

"ಬೇರೆ ಹಾಡು ಹಾಕಿ."

"ಹಾಕ್ಬೋದು," ಅಂದ. ಹಾಕಲಿಲ್ಲ.

ಸಮನ್ವಿತಾಳಿಗೆ ಉತ್ತರ ಸಿಕ್ಕಿತು. ಹಾಡನ್ನು ಕೊಲ್ಲಲು ಹೊರಟವನು ಹೀಗೆ ಕಳೆದುಕೊಂಡವನಂತೆ ಹುಡುಕುವುದಿಲ್ಲ.

"ರಿಪೇರಿಗೆ ಬಂದ ಪ್ರತಿ ಫೋನಲ್ಲೂ 'ಬೈಟು ಟೀ' ಹಾಕಿದ್ದೀರಿ," ಎಂದಳು. "ಅದಕ್ಕೇ ನೂರಾರು ಫೋನು, ವೈಫೈ ಒಂದೇ. ಗಿರಾಕಿ ಫೋನ್ ತಗೊಂಡು ಹೋಗ್ತಾರೆ, ಅದಕ್ಕೇ ಒಂದೊಂದರಲ್ಲಿ ಒಂದೇ ಸಲ. ಭಾನುವಾರ ಅಂಗಡಿ ಇಲ್ಲ, ಪ್ಲೇನೂ ಇಲ್ಲ. ಕಂಪನಿಯವರು ಇದನ್ನ ಮೋಸ ಅಂದ್ಕೊಂಡು ಹಾಡನ್ನ ತೆಗೆದುಹಾಕಿದ್ರು. ನಾನು ಆ ಹಾಡಿನ ಪ್ರಚಾರದವಳು."

ಲಿಂಗರಾಜು ಸ್ಕ್ರೂಡ್ರೈವರ್ ಕೆಳಗಿಟ್ಟ.

"ನನ್ನಿಂದ ಹೋಯ್ತಾ ಅವಳ ಹಾಡು?"

"ನಿಮಗೆ ಹೇಗೆ ಗೊತ್ತಾಯ್ತು ಆ ಹಾಡು?"

"ಯಾರೋ ಚಿಕ್ಕ ವಿಡಿಯೊ ಹಾಕಿದ್ರು. ಶಟರ್ ಸದ್ದು ಕೇಳ್ದೆ. ನಮ್ ಶಟರು ಎಡಗಡೆ ಸಿಕ್ಕಾಕ್ಕೊಂಡು ಕಿರ್ರ್ ಅನ್ನುತ್ತೆ. ಬೇರೆ ಯಾವ್ದೂ ಹಂಗನ್ನಲ್ಲ."

ಆ ವಿಡಿಯೊ ಹಾಕಿದ್ದು ಸಮನ್ವಿತಾಳೇ. ಇಷ್ಟು ದಿನದ ಅವಳ ಕೂಗಿಗೆ ಓಗೊಟ್ಟಿದ್ದವನು ಇವನೊಬ್ಬ.

"ಫೋನ್ ಮಾಡ್ಬೋದಿತ್ತಲ್ವಾ?"

"ಯಾವ್ ಮುಖ ಇಟ್ಕೊಂಡ್ ಮಾಡ್ಲಿ? ಬರ್ಬೇಡ ಅಂದವನು ನಾನು. ಹಾಡು ಹಾಕಿದ್ರೆ ಅಂಗಡೀಲಿ ಅವಳು ಕೂತಂಗಿರ್ತಿತ್ತು, ಅಷ್ಟೇ. ಯಾರಿಗ್ ಏನು ಹೇಳ್ಬೇಕೋ ಹೇಳ್ತೀನಿ ಮೇಡಂ. ಹಾಡು ವಾಪಸ್ ತರ್ಸಿ."

"ಮತ್ತೆ ಅರ್ಧಕ್ಕೇ ಯಾಕೆ ನಿಲ್ಲಿಸ್ತಿದ್ರಿ?"

ಅವನು ಬೀದಿಯ ಕಡೆ ನೋಡಿದ. "ನಾನ್ ಕರೀತೀನಿ. ಆಮೇಲೆ ಬರೀ ಮ್ಯೂಸಿಕ್ಕು. ಅವಳು ಓಗೊಡಲ್ಲ. ಅದನ್ನ ಕೇಳಕ್ಕಾಗಲ್ಲ ಮೇಡಂ, ನಿಲ್ಸ್ಬುಡ್ತೀನಿ."

ಸಮನ್ವಿತಾ ತನ್ನ ಫೋನಿನಲ್ಲಿದ್ದ ಹಾಡು ಹಾಕಿದಳು. ಶಟರ್ ಕಿರ್ರ್ ಎಂದಿತು. ಅವನ ದನಿ ಕರೆಯಿತು. ಅಭ್ಯಾಸಬಲದಿಂದ ಅವನ ಬೆರಳು ಮುಂದೆ ಬಂತು. ಅವಳು ಫೋನ್ ಹಿಂದಕ್ಕೆ ಎಳೆದುಕೊಂಡಳು.

ಸಂಗೀತ ಸಾಗಿತು. ತುಂಬಿತು, ತೆಳುವಾಯಿತು, ಮುಗಿಯುತ್ತ ಬಂತು. ಎಲ್ಲ ವಾದ್ಯಗಳೂ ನಿಂತ ಮೇಲೆ, ಕಟ್ಟಕಡೆಗೆ, ಹತ್ತಿರದಿಂದಲೇ ಒಂದು ಹೆಣ್ಣುದನಿ.

"ಬಂದೆ ಇರಣ್ಣಾ."

ಲಿಂಗರಾಜು ಮುಖ ಒರೆಸಿಕೊಂಡ. ಆಮೇಲೆ ವೈಫೈ ಆರಿಸಿ ಹೊರಗೆ ಬಂದ.

"ಎಲ್ಲವ್ಳೆ?"

"ಸರಸ್ವತಿಪುರಂ. ಆದ್ರೆ ಮೊದ್ಲು ನೀವು ನಡೆದಿದ್ದು ಹೇಳೋ ವಿಡಿಯೊ, ಕಂಪನಿಗೆ ಕಳಿಸಕ್ಕೆ..."

"ಅಲ್ಲೇ ಮಾಡ್ಕೊಳ್ಳಿ. ಅವಳ ಮುಂದೇನೇ ಹೇಳ್ತೀನಿ."

"ಲಿಂಗ್ರಾಜಣ್ಣ, ನನ್ ಫೋನು?" ಗಿರಾಕಿಯೊಬ್ಬ ಕೂಗಿದ.

"ಸೋಮ್ವಾರ ಬಾರಪ್ಪ," ಎಂದು ಹೇಳಿ, ಶನಿವಾರದ ಆ ತುಂಬಿದ ಬೀದಿಯಲ್ಲಿ ಲಿಂಗರಾಜು ಶಟರ್ ಕೆಳಗೆಳೆದ. ಅದು ಎಡಗಡೆ ಸಿಕ್ಕಿಕೊಂಡು ಕಿರ್ರ್ ಎಂದಿತು.