ತೊಟ್ಟಿಲಿನ ಮೆರುಗೆಣ್ಣೆ

ಬೆಳಕಿನ ಸೂಜಿ ಹಳೆಯ ನಕ್ಷೆಯ ಮೇಲೆ ಹರಿಯುತ್ತಿದ್ದಂತೆ ಧ್ವನಿಪೆಟ್ಟಿಗೆಯಲ್ಲಿ ಒಬ್ಬ ಗಂಡಸು ಕೆಮ್ಮಿದ. ಆಮೇಲೆ ಯಾರಿಗೋ ಕಿಟಕಿ ಹಾಕಲು ಹೇಳಿದ. ಅವನು ಸತ್ತು ನೂರು ವರ್ಷವಾದರೂ ಆಗಿತ್ತು. ಸೂಜಿ ಹಾದ ಕಡೆಯೆಲ್ಲ ನಕ್ಷೆಯ ಬಣ್ಣ ಪುಡಿಯಾಗಿ ಉದುರಿತು.

ಈ ಶತಮಾನದ ನಡುವು ದಾಟಿದ ಕಾಲವದು. ಕೊಪ್ಪಳದ ದಾಖಲೆ ಭಂಡಾರವೊಂದರಲ್ಲಿ ವಿಜ್ಞಾನಿ ನಫೀಸಾ ಮುಲ್ಲಾ ತಮ್ಮ 'ಆಲಿಕೆ' ಯಂತ್ರವನ್ನು ಪರೀಕ್ಷಿಸುತ್ತಿದ್ದರು. ಮೆರುಗೆಣ್ಣೆ, ಅಂದರೆ ವಾರ್ನಿಷ್, ಒಣಗುವಾಗ ಸುತ್ತಲಿನ ಸದ್ದಿಗೆ ಸಣ್ಣಗೆ ನಡುಗುತ್ತದೆ. ಗಟ್ಟಿಯಾದ ಮೇಲೆ ಆ ನಡುಕ ಪದರ ಪದರವಾಗಿ ಒಳಗೇ ಉಳಿಯುತ್ತದೆ. ಯಂತ್ರ ಒಂದೊಂದೇ ಪದರವನ್ನು ಕಾಯಿಸಿ ಅದನ್ನು ಮತ್ತೆ ಸದ್ದಾಗಿಸುತ್ತದೆ. ತಾಳೆಗರಿ, ಬರಿ ಕಾಗದ, ಫಿಲ್ಮುಗಳಿಂದ ಏನೂ ಕೇಳಿಸದು. ಮೆರುಗೆಣ್ಣೆ ಬಳಿದ ವಸ್ತುಗಳು ಮಾತ್ರ ಮಾತಾಡುತ್ತವೆ, ಅದೂ ಒಂದೇ ಸಲ. ದನಿಯನ್ನು ಮುದ್ರಿಸಿಕೊಳ್ಳಬಹುದು, ಚಿತ್ತಾರ ಉಳಿಯುವುದಿಲ್ಲ.

ಭಂಡಾರದ ಹೊಣೆ ಹೊತ್ತಿದ್ದ ಪ್ರಭುಲಿಂಗ ಹಡಪದರಿಗೆ ಯಂತ್ರ ಹಿಡಿಸದಿದ್ದುದು ಇದಕ್ಕೇ. ತಾಳೆಗರಿಗೆ ಎಣ್ಣೆ ಸವರುವುದು, ಫಿಲ್ಮನ್ನು ತಂಪಿನಲ್ಲಿಡುವುದು, ಮರಕ್ಕೆ ಹುಳು ಬೀಳದಂತೆ ಕಾಯುವುದು, ಇದರಲ್ಲೇ ಅವರ ತಲೆ ನರೆತಿತ್ತು.

ಸುದ್ದಿ ಕೇಳಿ ಕಿನ್ನಾಳದಿಂದ ರೇಣವ್ವ ಚಿತ್ರಗಾರ ಬಂದರು. ವಯಸ್ಸು ಎಪ್ಪತ್ತು ದಾಟಿತ್ತು. ಭಂಡಾರದಲ್ಲಿದ್ದ ಗಿಳಿಗಳ ಚಿತ್ತಾರದ ತೊಟ್ಟಿಲು ಅವರೇ ಕೊಟ್ಟದ್ದು. ಅದಕ್ಕೆ ಬಣ್ಣ ಬರೆದ ತಾಯಿ ರೇಣವ್ವನನ್ನು ಹೆತ್ತು ಕಣ್ಣು ಮುಚ್ಚಿದ್ದಳು. ಅವಳದೊಂದು ಫೋಟೊ ಕೂಡ ಇರಲಿಲ್ಲ.

ಪ್ರಭುಲಿಂಗ ಬೇಡವೆಂದರು. ಆ ಕೈಯ ಕೆಲಸ ಬೇರೆಲ್ಲೂ ಉಳಿದಿಲ್ಲವೆಂದು ತಿಳಿಹೇಳಿದರು. ರೇಣವ್ವ ಎಲ್ಲವನ್ನೂ ಕೇಳಿಸಿಕೊಂಡರು.

"ನೀವು ಭಾಳ ಚೊಲೊ ಕಾಯ್ದೀರಿ ಸರ್. ಆದ್ರ ನಮ್ಮವ್ವನ ದನಿ ಹೆಂಗಿತ್ತಂತ ನನಗ ಗೊತ್ತಿಲ್ಲ."

ಪ್ರಭುಲಿಂಗ ಒಳಕೋಣೆಗೆ ಹೋದರು. ತೊಟ್ಟಿಲನ್ನು ತಾವೇ ತಂದು ಯಂತ್ರದ ಕೆಳಗಿಟ್ಟರು.

ಮೊದಲು ಬಳೆ ಸದ್ದು ಮಾಡಿತು. ಆಮೇಲೆ ಹರೆಯದ ಹೆಣ್ಣೊಬ್ಬಳ ದನಿ, ರೇಣವ್ವನ ಮೊಮ್ಮಗಳ ವಯಸ್ಸಿನದು: "ಮುಟ್ಟಬ್ಯಾಡ ಬಂಗಾರಿ, ಇನ್ನೂ ಹಸಿ ಐತಿ."

ಪುಟ್ಟ ಮಗುವೊಂದು ರಚ್ಚೆ ಹಿಡಿಯಿತು. ತನಗೇ ಬೇಕೆಂದಿತು.

"ನಿಂದಲ್ಲವ್ವಾ, ಬರೋ ಕೂಸಿಂದು. ನೀ ತೂಗಾಕಿ."

ರೇಣವ್ವ ಧ್ವನಿಪೆಟ್ಟಿಗೆಯತ್ತ ಬಾಗಿದರು. ಅವರು ಒಬ್ಬಳೇ ಮಗಳಾಗಿ ಬೆಳೆದವರು. ಅಪ್ಪನಾಗಲಿ, ಸಾಕಿದ ಅಜ್ಜಿಯಾಗಲಿ ಇನ್ನೊಂದು ಮಗುವಿನ ಸುದ್ದಿ ಎತ್ತಿದವರಲ್ಲ. ಈಗ ಕೇಳೋಣವೆಂದರೆ ಆ ಕಾಲದವರು ಯಾರೂ ಬದುಕಿಲ್ಲ.

ನಫೀಸಾ ಯಂತ್ರ ನಿಲ್ಲಿಸಿದರು. ತೊಟ್ಟಿಲಿನ ಒಂದು ಮಗ್ಗುಲಿನ ಗಿಳಿಗಳು ಇನ್ನೂ ಉಳಿದಿದ್ದವು. ಅಲ್ಲಿ ಹೆಸರಾದರೂ ಸಿಕ್ಕೀತು, ನಡೆಸಿರೆಂದು ರೇಣವ್ವ ಬೇಡಿಕೊಂಡರು. ಕೊನೆಯ ಗಿಳಿಯವರೆಗೂ ಕೇಳಿದರು. ಮಗು ತನ್ನಷ್ಟಕ್ಕೆ ಏನೋ ಗುನುಗುತ್ತಿತ್ತು. ತಾಯಿ ಮತ್ತೆ ಮತ್ತೆ ಬಂಗಾರಿ ಎಂದಳೇ ಹೊರತು ಹೆಸರು ಹಿಡಿದು ಕರೆಯಲಿಲ್ಲ. ಆಮೇಲೆ ಬರಿ ಮರ ಉಳಿಯಿತು.

"ಅವ್ವನ ದನಿ ಸಿಕ್ತು," ಎಂದರು ರೇಣವ್ವ, ತೊಟ್ಟಿಲಿನ ಅಂಚು ಸವರುತ್ತ. "ಅಕ್ಕ ಎಲ್ಲಿ ಹೋದಳು?"

ಮುಂದೆ ಆಲಿಕೆ ಊರೂರಿಗೆ ಹೋಯಿತು. ಜನ ಬಾಗಿಲು, ಪೆಟ್ಟಿಗೆ, ಬೊಂಬೆಗಳನ್ನು ಹೊತ್ತು ತಂದರು. ಬೇಕಾದ ದನಿ ಸಿಕ್ಕವರಿಗಿಂತ ಬೇರೇನೋ ಕೇಳಿಸಿಕೊಂಡು ಹಿಂತಿರುಗಿದವರೇ ಹೆಚ್ಚು. ಕೆಲವು ಮನೆಗಳಲ್ಲಿ ಮೆರುಗೆಣ್ಣೆ ಒಣಗುವವರೆಗೆ ಯಾರೂ ಬಾಯಿ ಬಿಡದ ರೂಢಿ ಬಂತು. ಇನ್ನು ಕೆಲವರು ಹಸಿ ಬಾಗಿಲ ಮುಂದೆ ಕೂತು ಮನೆಯವರ ಹೆಸರುಗಳನ್ನೆಲ್ಲ ಹೇಳತೊಡಗಿದರು.

ಆ ಯಂತ್ರ ಬರಲು ಇನ್ನೂ ಕಾಲವಿದೆ. ಆದರೆ ಈ ಹೊತ್ತಿಗೂ ಯಾವುದೋ ಮನೆಯ ಬಾಗಿಲಿನ ಮೆರುಗೆಣ್ಣೆ ಒಣಗುತ್ತಿದೆ. ಅದರ ಮುಂದೆ ಓಡಾಡುವವರು ಯಾರ ಹೆಸರನ್ನು ಹೇಳದೆ ಬಿಡುತ್ತಿದ್ದಾರೋ.